ನೈಟ್ರೋಜನ್ ಕ್ಯಾನಿನಲ್ಲಿ ನಿನ್ನ ಎಲುಬು

ಹುಬ್ಬಳ್ಳಿ
11 ನವೆಂಬರ್ 2025

ಪ್ರೀತಿಯ ತಮ್ಮ ಪಂಪಾಪತಿಗೆ,

ನಿನ್ನ ಅಕ್ಕನ ಹಾರೈಕೆಗಳು. ದೀಪಾವಳಿಗೆ ಇರಕಲ್ಲಗಡಕ್ಕೆ ಬರಲಿಲ್ಲ. ಬರೆಯುತ್ತೇನೆ ಎನ್ನುತ್ತಲೇ ಮೂರು ವಾರ ಕಳೆದೆ, ತಪ್ಪು ನನ್ನದೇ. ಫೋನಿನಲ್ಲಿ ಆಪರೇಷನ್ ಮಾತು ಎತ್ತಿದರೆ ನೀನು ಕಟ್ ಮಾಡುತ್ತೀ. ಕಾಗದವನ್ನಾದರೆ ಅರ್ಧಕ್ಕೆ ಬಿಟ್ಟರೂ ಸಿಟ್ಟು ಇಳಿದ ಮೇಲೆ ಮತ್ತೆ ಓದಬಹುದು.

ಭಾನುವಾರ ಅವ್ವ ಫೋನ್ ಮಾಡಿದ್ದಳು. ಹದಿನೇಳರಂದು ಆಸ್ಪತ್ರೆಗೆ ಬರುವುದಿಲ್ಲ ಎಂದಿದ್ದೀಯಂತೆ. "ಒಮ್ಮಿ ಸತ್ತಾವು ಅಂದ್ರು, ಮತ್ತ ಸೊಂಟಕ್ಕ ಸೂಜಿ ಚುಚ್ಚಿ ತಗದ್ರು. ಥಂಡ್ಯಾಗ ಇಟ್ಟದ್ದು ಎಮ್ಮಿಗೆ ಸರಿ, ನನಗಲ್ಲ ಅಂತಾನವ," ಎಂದಳು. ಪಕ್ಕದ ಮನೆಯ ದಾದೇಸಾಬ ಕಾಕಾ ಅಲ್ಲೇ ಕೂತಿದ್ದರು. ನಿನಗೆ ಹೇಳಿದ್ದು ನನಗೂ ಕೇಳಿತು: "ನನ್ನ ಎಮ್ಮಿ ಗಬ್ಬ ಮಾಡುವಾಗ 'ನಂಬ್ರಿ ಕಾಕಾ' ಅಂದಿದ್ದಿ. ಈಗ ನೀನ ಎಮ್ಮಿಕಿಂತ ಹಟಾ ಮಾಡಾಕತ್ತಿಯಲ್ಲೋ."

ಕಾಕಾ ಹೇಳಿದ್ದು ಸರಿ. ಏಳು ವರ್ಷ, ಹೋರಿ ಕೋಣಗಳ ವೀರ್ಯವನ್ನು ಹೆಪ್ಪುಗಟ್ಟಿಸಿ ಇಡುವ ನೈಟ್ರೋಜನ್ ಕ್ಯಾನನ್ನು ಬೈಕಿಗೆ ಕಟ್ಟಿಕೊಂಡು ಊರೂರು ತಿರುಗಿ ದನ ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡಿದವನು ನೀನು. ಹಿಟ್ನಾಳದ ಹತ್ತಿರ ಆ ಬೈಕಿನಿಂದ ಬಿದ್ದು ಎರಡು ವರ್ಷವಾಯಿತು. ಮೊಣಕಾಲ ಕೆಳಗಿನ ಎಲುಬಿನಲ್ಲಿ ನಾಲ್ಕು ಸೆಂಟಿಮೀಟರ್ ಇನ್ನೂ ಖಾಲಿ ಇದೆ. ಇದೂ ಆಗದಿದ್ದರೆ ಕಾಲು ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ನಿನಗೇ ಹೇಳಿದ್ದಾರೆ. ಸುತ್ತಿ ಬಳಸಿ ಹೇಳಿ ಉಪಯೋಗವಿಲ್ಲ.

ನಿನ್ನ ಎಲುಬಿನ ಕಸಿ ನಮ್ಮ ಲ್ಯಾಬಿನಲ್ಲಿ ಹೇಗೆ ತಯಾರಾಯಿತೆಂದು ನಿನಗೆ ಯಾರೂ ಸರಿಯಾಗಿ ಹೇಳಿದಂತಿಲ್ಲ. ಮೊದಲ ಸಲದ ಕೋಶಗಳು ಸತ್ತ ಮೇಲೆ ಎರಡನೆಯ ಸಲ ನಿನ್ನ ಸೊಂಟದ ಎಲುಬಿನಿಂದ ತೆಗೆದ ಮಜ್ಜೆ ನಾಲ್ಕೈದು ಚಮಚ. ಅದರಲ್ಲಿ ಎಲುಬಾಗಿ ಬೆಳೆಯಬಲ್ಲ ಆಕರ ಕೋಶಗಳು ಲಕ್ಷಕ್ಕೆ ಒಂದೋ ಎರಡೋ. ಮೈಶಾಖದಲ್ಲಿಟ್ಟು, ಮೂರು ದಿನಕ್ಕೊಮ್ಮೆ ಆಹಾರ ಬದಲಿಸಿ ನಾಲ್ಕು ವಾರ ಬೆಳೆಸಿದಾಗ ಎರಡು ಕೋಟಿಯಾದವು. ಎಲುಬಿನಲ್ಲಿರುವಂಥದೇ ಖನಿಜದಿಂದ ಮಾಡಿದ, ಸಾಬೂದಾಣಿಯಷ್ಟು ದೊಡ್ಡ, ತೂತುತೂತಾದ ಹರಳುಗಳ ಮೇಲೆ ಅವನ್ನು ಬಿಟ್ಟೆವು. ಒಂದೇ ದಿನದಲ್ಲಿ ತೂತುಗಳೊಳಗೆ ಅಂಟಿ ಕೂತವು.

ಗಾಯದ ಕೀವು ಪೂರ್ತಿ ಆರುವವರೆಗೆ ಕಸಿ ಹಾಕುವಂತಿರಲಿಲ್ಲ, ಬೆಳೆದ ಕೋಶಗಳು ಅಷ್ಟು ದಿನ ಕಾಯುವುದೂ ಇಲ್ಲ. ಹಾಗಾಗಿ ಜುಲೈನಲ್ಲಿ ತಣ್ಣಗಾಗಿಸಿದೆವು, ನಿಮಿಷಕ್ಕೆ ಒಂದೇ ಡಿಗ್ರಿಯಂತೆ. ಅವಸರ ಮಾಡಿದರೆ ಕೋಶದೊಳಗಿನ ನೀರು ಮಂಜಿನ ಹರಳಾಗಿ ಕೋಶವನ್ನೇ ಹರಿದುಹಾಕುತ್ತದೆ. ಆಮೇಲೆ ನೈಟ್ರೋಜನ್ ಕ್ಯಾನಿಗೆ. ಮೈನಸ್ ನೂರ ತೊಂಬತ್ತಾರು ಡಿಗ್ರಿ. ಅಲ್ಲಿ ಉಸಿರಿಲ್ಲ, ಹಸಿವಿಲ್ಲ, ವಯಸ್ಸೂ ಆಗುವುದಿಲ್ಲ.

ಕಳೆದ ಗುರುವಾರ, ಪರೀಕ್ಷೆಗೆಂದೇ ಇಟ್ಟಿದ್ದ ಒಂದು ನಳಿಕೆಯನ್ನು ನಾನೂ ನನ್ನ ಜತೆ ಕೆಲಸ ಮಾಡುವ ಗಂಗಾವತಿಯ ನಿಶಾತಳೂ ತೆಗೆದು ಮೂವತ್ತೇಳು ಡಿಗ್ರಿ ನೀರಿನಲ್ಲಿ ಅದ್ದಿದೆವು. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೀನು ವೀರ್ಯದ ಸ್ಟ್ರಾ ಅದ್ದುತ್ತಿದ್ದ ಬಿಸಿನೀರಿನಷ್ಟೇ ಶಾಖ. ಎಣಿಸಿದಾಗ ನೂರಕ್ಕೆ ಎಂಬತ್ತಾರು ಬದುಕಿದ್ದವು. ಮರುದಿನ ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಥಂಡಿಗೆ ಮುದುಡಿ ಗುಂಡಗಾಗಿದ್ದವು ಈಗ ಎರಡೂ ತುದಿ ಚಾಚಿ ಮತ್ತೆ ನೆಲ ಹಿಡಿದಿದ್ದವು. ಒಂದು ನನ್ನ ಕಣ್ಣೆದುರಿಗೇ ನಡುವೆ ಸಣ್ಣಗಾಗುತ್ತ ಎರಡಾಗುತ್ತಿತ್ತು.

"ಭವಾನಕ್ಕ, ನಿಮ್ಮ ತಮ್ಮಗಿಂತ ಇವು ಶಾಣ್ಯಾ ಅದಾವ ನೋಡ್ರಿ. ಎದ್ದ ಕೂಡ್ಲೆ ಕೆಲಸಕ್ಕ ಹತ್ಯಾವ," ಎಂದಳು ನಿಶಾತ.

ಅದು ಪೂರ್ತಿ ಎರಡಾಗುವವರೆಗೂ ನಾನು ನೋಡುತ್ತಲೇ ಕೂತೆ. ನಾಲ್ಕು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಹೀಗಾಗುತ್ತದೆಂದು ಗೊತ್ತೇ ಇತ್ತು. ಆದರೂ, ನಾಲ್ಕು ತಿಂಗಳು ಕಲ್ಲಿನಂತೆ ಬಿದ್ದಿದ್ದ ಜೀವ, ಯಾರೂ ಹೇಳದೆ, ಬಿಟ್ಟ ಕೆಲಸವನ್ನು ಬಿಟ್ಟಲ್ಲಿಂದಲೇ ಹಿಡಿದಿತ್ತು. ಅದು ನಿನ್ನ ಜೀವ ಪಂಪಾ. ನೀನು ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾಗ ಅದು ಇಲ್ಲಿ ಎಲುಬು ಕಟ್ಟಲು ತಯಾರಾಗಿ ಕೂತಿತ್ತು.

ಇದು ಇನ್ನೂ ಪ್ರಯೋಗದ ಹಂತದ ಚಿಕಿತ್ಸೆ. ಗೆದ್ದೇ ಗೆಲ್ಲುತ್ತದೆಂದು ನಾನು ಹೇಳಲಾರೆ. ಬದುಕಿವೆ ಎಂದು ಮಾತ್ರ ಹೇಳಬಲ್ಲೆ, ನೋಡಿದ್ದೇನೆ.

ಅವ್ವನಿಗೆ ಬಿಪಿ ಗುಳಿಗೆ ತಪ್ಪಿಸಬೇಡ ಎನ್ನು. ನೀನು ನಿನ್ನ ಎರಡು ಕಾಲ ಮೇಲೆ ನಿಲ್ಲುವಂತಾಗಲಿ, ನೂರು ವರ್ಷ ಬಾಳು.

ನಿನ್ನ ಅಕ್ಕ,
ಭವಾನಿ

ತಾ.ಕ.: ಮೊದಲ ಸಲದ ಕೋಶಗಳು ಸತ್ತದ್ದು ಥಂಡಿಯಿಂದಲ್ಲ. ಏಪ್ರಿಲ್‌ನಲ್ಲಿ ಬೇರೊಬ್ಬರ ನಳಿಕೆ ಹುಡುಕುತ್ತ, ನಿನ್ನ ನಳಿಕೆಗಳಷ್ಟೇ ಇದ್ದ ಚೌಕಟ್ಟನ್ನು ಕ್ಯಾನಿನಿಂದ ಪೂರ್ತಿ ಹೊರಗೆತ್ತಿ ಮೇಜಿನ ಮೇಲಿಟ್ಟೆ. ಚೀಟಿಗಳಿಗೆ ಹಿಮ ಕಟ್ಟಿತ್ತು, ಒಂದೊಂದನ್ನೇ ಒರೆಸಿ ಓದಿದೆ. ಐದು ನಿಮಿಷವಾದರೂ ಆಗಿತ್ತು, ಕೋಶಗಳು ಬಿಸಿಯೇರಿ ಸಾಯಲು ಅಷ್ಟು ಸಾಕು. ಮತ್ತೆ ಇಳಿಸಿದಾಗ ಎಲ್ಲವೂ ಮೊದಲಿನಂತೆಯೇ ಕಂಡಿತು. ನಾನು ಈ ಕೆಲಸಕ್ಕೆ ಸೇರುವ ಮೊದಲೇ ನೀನು ಹೇಳಿಕೊಟ್ಟಿದ್ದೆ: "ಅಕ್ಕಾ, ಕ್ಯಾನಿನ ಕುತ್ತಿಗಿ ದಾಟಿ ಎತ್ತಬ್ಯಾಡ. ಎಂಟು ಎಣಸೂದ್ರಾಗ ಕೆಳಗ ಬಿಡು." ನಿನಗೆ 'ಯಾಕೋ ಬದುಕಲಿಲ್ಲ' ಎಂದೆ. ಎರಡನೆಯ ಸಲ ಸೂಜಿ ಚುಚ್ಚಿದಾಗ ನಿನ್ನ ಕೈ ಹಿಡಿದು ನಿಂತವಳೂ ನಾನೇ. ನಿನ್ನೆ ಡಾಕ್ಟರಿಗೆ ಎಲ್ಲವನ್ನೂ ಬರೆದುಕೊಟ್ಟೆ. ನನ್ನನ್ನು ಆ ಕೋಣೆಯಿಂದ ತೆಗೆದಿದ್ದಾರೆ. ಹದಿನೇಳರಂದು ಕ್ಯಾನು ತೆರೆಯುವವಳು ನಿಶಾತ, ನಾನು ಹೊರಗೆ ಬೆಂಚಿನ ಮೇಲಿರುತ್ತೇನೆ. ನನ್ನ ಮೇಲಿನ ಸಿಟ್ಟನ್ನು ನಿನ್ನ ಕಾಲಿನ ಮೇಲೆ ತೀರಿಸಬೇಡ. ನನ್ನ ಜತೆ ಮಾತಾಡದಿದ್ದರೂ ಬಾ.