ತೂಬು ಇಳಿಸಲು ಆದೇಶ ಕೊಟ್ಟವರು

ಪಾಂಡವಪುರ
೬ ಆಗಸ್ಟ್, ಬುಧವಾರ

ಪ್ರೀತಿಯ ಅಕ್ಕಾ,

ನಿನ್ನ ಕತ್ತಿನ ನೋವು ಈಗ ಹೇಗಿದೆ? ಕಂಪ್ಯೂಟರ್ ಮುಂದೆ ಬಗ್ಗಿ ಕೂರಬೇಡ ಎಂದು ಅವ್ವ ದಿನಕ್ಕೆರಡು ಸಲ ನನಗೆ ಹೇಳುತ್ತಾಳೆ, ಬಗ್ಗಿ ಕೂತವನು ನಾನೇ ಎನ್ನುವ ಹಾಗೆ. ಇಲ್ಲಿ ನಾವು ಚೆನ್ನಾಗಿದ್ದೇವೆ. ಅವ್ವನ ಮಂಡಿ ನೋವು ಹೆಚ್ಚಿಲ್ಲ, ಕಡಿಮೆಯೂ ಆಗಿಲ್ಲ. ಅಪ್ಪ ಬಿ.ಪಿ. ಮಾತ್ರೆಯನ್ನು ನೀನು ಫೋನ್ ಮಾಡಿದ ದಿನ ಮಾತ್ರ ನುಂಗುತ್ತಾನೆ; ನಾನು ಹೇಳಿದರೆ ದನಕ್ಕೆ ಹುಲ್ಲು ಹಾಕಲು ಎದ್ದು ಹೋಗುತ್ತಾನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಅರ್ಧ ಕೇಳಿ ‘ಮೀಟಿಂಗಿದೆ ಕಣೋ’ ಎನ್ನುತ್ತೀಯ. ಕಾಗದವಾದರೆ ಮೀಟಿಂಗ್ ಮುಗಿಯುವವರೆಗೂ ಕಾಯುತ್ತದೆ. ನಮ್ಮ ಠಾಣೆಯ ಹೋಂಗಾರ್ಡ್ ಶ್ವೇತ ತರಬೇತಿಗೆಂದು ಇವತ್ತು ಮಧ್ಯಾಹ್ನದ ಬಸ್ಸಿಗೆ ಬೆಂಗಳೂರಿಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಇದನ್ನೂ ಅವ್ವ ಮಾಡಿದ ಹುಚ್ಚೆಳ್ಳು ಚಟ್ನಿಪುಡಿಯನ್ನೂ ಕಳಿಸುತ್ತಿದ್ದೇನೆ.

ಸಚಿವಾಲಯದ ನಿಮ್ಮ ಶಾಖೆಯಲ್ಲಿ ನೀನೇ ಕರಡು ಬರೆದ ಆದೇಶ ನಮ್ಮ ಅಗ್ನಿಶಾಮಕ ಠಾಣೆಗೆ ಬಂದು ನಾಲ್ಕು ತಿಂಗಳಾಯಿತು. ಅಗ್ನಿಶಾಮಕದವರು, ಹೋಂಗಾರ್ಡುಗಳು, ತಾಲೂಕು ಕಚೇರಿಯ ಪ್ರವಾಹ ವಿಭಾಗ, ಎಲ್ಲ ಸೇರಿ ಈಗ ಒಂದೇ ತುರ್ತು ನಿರ್ವಹಣಾ ಸಂಸ್ಥೆ. ಬೋರ್ಡು ಬದಲಾಗಿದೆ, ಸಮವಸ್ತ್ರದ ಬಣ್ಣ ಇನ್ನೂ ತೀರ್ಮಾನವಾಗಿಲ್ಲ. ಬೈಯುವ ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಹಿಂದೆ ಒಂದು ಹಗ್ಗ ಬೇಕೆಂದರೆ ಮೂರು ಕಡೆ ಪತ್ರ ಬರೆಯಬೇಕಿತ್ತು. ಈಗ ರಬ್ಬರ್ ದೋಣಿ, ದೊಡ್ಡ ಲೈಟು, ಲೈಫ್ ಜಾಕೆಟ್ಟು ಎಲ್ಲ ಠಾಣೆಯಲ್ಲೇ ಇವೆ. ಆದರೆ ಬೆಂಗಳೂರಿನ ಕಂಟ್ರೋಲ್ ರೂಮಿನಿಂದ ಪ್ರಕರಣದ ನಂಬರ್ ಬರದೆ ಗಾಡಿ ಗೇಟು ದಾಟುವಂತಿಲ್ಲ. ಹೋದ ತಿಂಗಳು ಎದುರಿನ ಹೋಟೆಲ್ ನಂಜಪ್ಪನ ಸೌದೆ ರಾಶಿಗೆ ಬೆಂಕಿ ಹತ್ತಿತು. ಅವನು ರಸ್ತೆ ದಾಟಿ ಬಂದು ಹೇಳಿದ. ಫೋನ್ ಮಾಡಪ್ಪ ಎಂದೆವು. ನಮ್ಮ ಮುಂದೆಯೇ ನಿಂತು ಫೋನ್ ಮಾಡಿದ. ಬೆಂಗಳೂರಿನವರು ನಂಜಪ್ಪನ ಹೋಟೆಲ್ ಎಲ್ಲಿ ಬರುತ್ತದೆ ಎಂದು ನಮ್ಮನ್ನು ಕೇಳಿ ನಂಬರ್ ಕೊಡುವಷ್ಟರಲ್ಲಿ ಅವನ ಹೆಂಡತಿ ಪಾತ್ರೆ ತೊಳೆದ ನೀರು ಸುರಿದು ಬೆಂಕಿ ಆರಿಸಿದ್ದಳು. ಆವತ್ತಿನಿಂದ ನಮಗೆ ಟೀ ಕೊಡುವ ಮೊದಲು ‘ನಂಬರ್ ಬಂತಾ ಸಾರ್?’ ಎಂದು ಕೇಳುತ್ತಾನೆ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ಗುರುವಾರ ಬೆಳಿಗ್ಗೆ ಎಂಟಕ್ಕೆ, ನಮ್ಮ ಮನೆ ಹಿಂದಿನ ಉಪನಾಲೆಗೆ ಡೈರಿ ಕಾರ್ಯದರ್ಶಿ ಶಿವಶಂಕರ್ ಮೊಪೆಡ್ ಸಮೇತ ಬಿದ್ದ. ನೀರು ತುಂಬಿ ಹರಿಯುತ್ತಿತ್ತು. ಸೇತುವೆ ಕಂಬದ ಕಬ್ಬಿಣದ ಬಳೆ ಕೈಗೆ ಸಿಕ್ಕಿ ನೇತಾಡುತ್ತಿದ್ದ. ಬಟ್ಟೆ ಒಗೆಯುತ್ತಿದ್ದ ಮಾದಮ್ಮ ಕೂಗಿಕೊಂಡು ನಮ್ಮ ಮನೆಗೇ ಓಡಿದಳು. ಯಾಕೆಂದು ನಿನಗೆ ಗೊತ್ತು. ನಾಲೆಯ ನೀರು ಬಿಟ್ಟು ಕಟ್ಟುವ ನೀರಗಂಟಿ ಕೆಲಸದಿಂದ ಅಪ್ಪ ನಿವೃತ್ತನಾಗಿ ನಾಲ್ಕು ವರ್ಷವಾದರೂ ತೂಬು ತಿರುಗಿಸುವ ಹ್ಯಾಂಡಲ್ಲು ನಮ್ಮ ಬಾಗಿಲ ಹಿಂದಿನ ಮೊಳೆಯಲ್ಲೇ ಇತ್ತು. ಈಗಿನ ಗುತ್ತಿಗೆ ನೀರಗಂಟಿ ದಿನಾ ಕೆ.ಆರ್. ಪೇಟೆಯಿಂದ ಬಂದು ಹೋಗುವವನು, ಅವನೇ ಅಲ್ಲಿ ಬಿಟ್ಟು ಹೋಗುತ್ತಾನೆ. ನಾಲೆಗೆ ಯಾರಾದರೂ ಬಿದ್ದರೆ ಮೊದಲು ತೂಬು ಇಳಿಸಿ ನೀರು ತಗ್ಗಿಸಬೇಕು, ಆಮೇಲೆ ಉಳಿದ ಮಾತು. ಅಪ್ಪ ಮೂವತ್ತು ವರ್ಷ ಮಾಡಿದ್ದು ಅದನ್ನೇ. ಅವತ್ತೂ ಹ್ಯಾಂಡಲ್ಲು ತೆಗೆದುಕೊಂಡು ನಡೆದ.

ನಮಗೆ ನಂಬರ್ ಬಂದಿದ್ದು ಎಂಟು ಹನ್ನೆರಡಕ್ಕೆ. ತೂಬು ಇಳಿಸಲು ಹೇಳಿ ಎಂದು ಕೇಳಿದರೆ, ತೂಬು ನೀರಾವರಿಯವರದು, ಅವರು ಈ ಸಂಸ್ಥೆಗೆ ಸೇರಿಲ್ಲ, ಇಂಜಿನಿಯರಿಗೆ ಕೋರಿಕೆ ಕಳಿಸಿದ್ದೇವೆ ಎಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವುದು ಇದಕ್ಕೇ. ನಾವು ತಲುಪಿದಾಗ ನೀರು ಸೊಂಟಕ್ಕಿಳಿದಿತ್ತು. ಹಗ್ಗ ಕಟ್ಟಿ ಶಿವಶಂಕರನನ್ನು ಎಳೆದುಕೊಂಡೆವು. ಬದುಕಿದ್ದಾನೆ, ಮೊಪೆಡ್ ಎಲ್ಲಿ ಎಂದು ಆಸ್ಪತ್ರೆಯಿಂದ ದಿನಾ ಫೋನ್ ಮಾಡುತ್ತಾನೆ. ಇಂಜಿನಿಯರ ಒಪ್ಪಿಗೆ ಬಂದಿದ್ದು ಒಂಬತ್ತು ಗಂಟೆಗೆ. ಆ ಹೊತ್ತಿಗೆ ಅವನು ಎಷ್ಟು ಮೈಲಿ ಕೆಳಗೆ ಸಿಗುತ್ತಿದ್ದನೋ ನಾನು ಬರೆಯುವುದಿಲ್ಲ.

ತೂಬು ಇಳಿಸಿದ್ದಕ್ಕೆ ಮೇಲುಗಡೆ ನೀರು ಏರಿ ಅಲ್ಲಿ ಗದ್ದೆಯಿರುವ ಚಿಕ್ಕಸ್ವಾಮಿಯ ಭತ್ತದ ಸಸಿ ಹಾಕಿದ ಒಟ್ಲಿಗೆ ನುಗ್ಗಿತು, ಸಸಿಯೆಲ್ಲ ಮಣ್ಣುಪಾಲು. ಅವನು ಸಿಟ್ಟಿನಲ್ಲಿ ಅದೇ ಕಂಟ್ರೋಲ್ ರೂಮಿಗೆ ಫೋನ್ ಮಾಡಿದ. ಹಿಂದಾದರೆ ಮನೆ ಮುಂದೆ ಬಂದು ಎರಡು ಮಾತು ಬೈದು, ಅವ್ವ ಕೊಟ್ಟ ಮಜ್ಜಿಗೆ ಕುಡಿದು ಹೋಗುತ್ತಿದ್ದ. ಈಗ ಅವನ ಬೈಗುಳಕ್ಕೂ ಒಂದು ನಂಬರ್ ಬಿತ್ತು. ಅನಧಿಕೃತ ವ್ಯಕ್ತಿ ಸರ್ಕಾರಿ ತೂಬು ಮುಟ್ಟಿದ್ದಾರೆ ಎಂದು ಅಪ್ಪನಿಗೆ ನೋಟಿಸು ಬಂದಿದೆ. ಸೋಮವಾರ ವಿಚಾರಣೆ. ಕೇಸಾದರೆ ಪಿಂಚಣಿಗೂ ತೊಂದರೆ ಎನ್ನುತ್ತಾರೆ. ಚಿಕ್ಕಸ್ವಾಮಿ ನನ್ನೆದುರು ತಲೆ ಕೆರೆದುಕೊಂಡು, ‘ನಾನ್ ದೂರ್ ಯೋಳಿದ್ದು ನೀರಿನ್ ಮ್ಯಾಲೆ ಕಣ್ಲಾ, ನಿಮ್ಮಪ್ಪನ್ ಮ್ಯಾಲಲ್ಲ’ ಎಂದ. ನಂಬರ್ ಬಿದ್ದ ದೂರನ್ನು ಹಿಂದಕ್ಕೆ ಪಡೆಯುವುದು ಹೇಗೆಂದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನೀರಾವರಿಯವರು ಹ್ಯಾಂಡಲ್ಲನ್ನು ರಸೀದಿ ಕೊಟ್ಟು ತೆಗೆದುಕೊಂಡು ಹೋದರು. ಆ ಮೊಳೆಯಲ್ಲಿ ಅಪ್ಪ ಈಗ ಛತ್ರಿ ನೇತುಹಾಕಿದ್ದಾನೆ.

ಮುಂದಿನ ತಿದ್ದುಪಡಿಯ ಕರಡು ನಿನ್ನ ಮೇಜಿಗೆ ಬಂದಾಗ ಒಂದು ಸಾಲು ಸೇರಿಸು. ನಾಲೆಗೆ ಜನ ಬಿದ್ದರೆ ತೂಬಿನ ಹತ್ತಿರ ಇರುವವರು ಮೊದಲು ಇಳಿಸಲಿ, ಆಮೇಲೆ ತಿಳಿಸಲಿ. ಇಷ್ಟೇ. ಭಾವನಿಗೆ ನನ್ನ ನಮಸ್ಕಾರ. ಅಪ್ಪ ಅವ್ವನ ಆಶೀರ್ವಾದ ಚಟ್ನಿಪುಡಿಯ ಜೊತೆಯಲ್ಲೇ ಇದೆ, ಎರಡನ್ನೂ ಫ್ರಿಜ್ಜಿಗೆ ಹಾಕಿ ಮರೆಯಬೇಡ.

ನಿನ್ನ ತಮ್ಮ,
ಅಶೋಕ್

ತಾ.ಕ.: ಶ್ವೇತ ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಘಟನಾ ವರದಿಯ ಹೊಸ ಫಾರಂನಲ್ಲಿ ‘ತೂಬು ಇಳಿಸಲು ಆದೇಶ ಕೊಟ್ಟವರು’ ಎಂಬ ಕಾಲಂ ಇದೆ. ಅಲ್ಲಿ ನನ್ನ ಹೆಸರು ಬರೆದಿದ್ದೇನೆ. ಸುದ್ದಿ ತಿಳಿದ ಕೂಡಲೇ ಎಂಟು ಐದಕ್ಕೆ ಮನೆಗೆ ಫೋನ್ ಮಾಡಿದ್ದು ನಿಜ. ‘ನಿಮ್ಮಪ್ಪ ಆಗ್ಲೇ ತೂಬಿನ್ ತಾವ್ಕೆ ಓದ್ರು ಕಣಪ್ಪ’ ಎಂದು ಅವ್ವ ಅಂದಳು, ನಾನು ಬಾಯಿ ತೆರೆಯುವ ಮೊದಲೇ. ಆದೇಶ ನನ್ನದೆಂದರೆ ಅಪ್ಪನ ಮೇಲೆ ಕೇಸಿಲ್ಲ. ನಂಬರ್ ಬರುವ ಮೊದಲೇ ಆದೇಶ ಕೊಟ್ಟೆ ಎಂದು ನನಗೊಂದು ಮೆಮೊ, ಅದನ್ನು ನಾನು ತಡೆದುಕೊಳ್ಳುತ್ತೇನೆ. ಆದರೆ ಅಪ್ಪ, ‘ನೀರ್ ನಿಲ್ಸೋಕೆ ಯಾರ್ ಯೋಳ್ಬೇಕ್ಲಾ? ನಾನೇ ಇಳಿಸ್ದೆ ಅಂತೀನಿ’ ಎಂದು ಕೂತಿದ್ದಾನೆ. ನಾನು ಹುಟ್ಟಿದಾಗಿನಿಂದ ಅವನು ನನ್ನ ಮಾತು ಕೇಳಿಲ್ಲ. ಒಂದೇ ಒಂದು ಸಲ ಕೇಳಿದೆ ಅಂತ ಹೇಳಪ್ಪ ಎಂದರೆ ಅದನ್ನೂ ಕೇಳುತ್ತಿಲ್ಲ. ನಿನ್ನ ಮಾತು ಕೇಳುತ್ತಾನೆ. ಭಾನುವಾರ ಬಾ.