ತೊಳೆದ ಮೇಲೆ ಕೆಂಪಾದ ನಾಯಿ

ಚಾಂಪಿಯನ್ ರೀಫ್ಸ್, ಕೆ.ಜಿ.ಎಫ್.
೨೧ ಜುಲೈ ೨೦೨೪, ಭಾನುವಾರ

ಪ್ರೀತಿಯ ಸುಕನ್ಯಾ,

ಮಧ್ಯಾಹ್ನ ನಾಲ್ಕು ಗಂಟೆ. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡೆ, ಬಟ್ಟೆ ಒಗೆದೆ. ಅವು ಒಣಗುವ ಮೊದಲೇ ಗಾಳಿ ಎದ್ದು ಹಳೆ ಗಣಿಯ ಸೈನೈಡ್ ದಿಬ್ಬದ ಹುಡಿಯೆಲ್ಲ ಬಂದು ಕೂತಿತು, ಮತ್ತೆ ಒಗೆದೆ. ಭಾನುವಾರ ಅಂದರೆ ಇಷ್ಟೇ. ಶಾಲೆ ಇದ್ದ ದಿನ ಬಿಸಿಯೂಟದ ಅಡುಗೆ, ಮಕ್ಕಳ ಗದ್ದಲ, ಪಾತ್ರೆ ಎಂದು ಹೊತ್ತು ಹೋಗಿಬಿಡುತ್ತದೆ. ಅಷ್ಟೊಂದು ಮಕ್ಕಳಿಗೆ ಅಕ್ಕಿ ಅಳೆದು ಹಾಕುವ ಕೈಗೆ ಒಬ್ಬಳಿಗೆ ಎಷ್ಟು ಹಾಕಬೇಕು ಅನ್ನುವುದು ಮಾತ್ರ ಇನ್ನೂ ಬಂದಿಲ್ಲ. ಈಗ ಹೊಸ್ತಿಲ ಪಕ್ಕ ಕೂತು ಬರೆಯುತ್ತಿದ್ದೇನೆ. ಇವತ್ತು ಡೈರಿ ತೆಗೆಯಲಿಲ್ಲ, ಅದಕ್ಕೆ ಬರೆಯುವುದನ್ನೆಲ್ಲ ನಿನಗೇ ಬರೆಯುತ್ತೇನೆ.

ನೀನು ಹೇಗಿದ್ದೀಯ? ನೆಗಡಿ ಬಿಟ್ಟಿತಾ? ಬೆಳಗಾಗುವ ಮೊದಲೇ ಡೇರಿಗೆ ಹೋಗಿ ಹಾಲು ಅಳೆಯುತ್ತೀಯ, ಕಿವಿಗೆ ಬಟ್ಟೆ ಕಟ್ಟಿಕೊ, ಆಷಾಢದ ಗಾಳಿ ಒಳ್ಳೆಯದಲ್ಲ. ನಿನ್ನ ಅಮ್ಮನ ಮಂಡಿನೋವು ಹೇಗಿದೆ? ಆ ಬಿಳಿ ಹಸು ಕರು ಹಾಕಿತಾ? ಇದನ್ನೆಲ್ಲ ಫೋನಿನಲ್ಲಿ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಊಟ ಆಯ್ತಾ ಅನ್ನುವುದರ ಆಚೆ ಹೋಗುವುದಿಲ್ಲ. ಆಮೇಲೆ ನೀನು ಸುಮ್ಮನಾಗುತ್ತೀಯ, ನಾನೂ ಸುಮ್ಮನಾಗುತ್ತೇನೆ. ಸುಮ್ಮನಿರುವುದಕ್ಕೆ ಫೋನ್ ಯಾಕೆ ಬೇಕು.

ಹೋದ ಭಾನುವಾರ ನಿನ್ನ ಅಪ್ಪ ಬಂದಿದ್ದರು. ಯಾಕೆ ಬಂದಿದ್ದರೆಂದು ನಿನಗೆ ಗೊತ್ತು. ಹಾಲು, ರಾಗಿ ಹಿಟ್ಟು ತಂದಿಟ್ಟು, ಬೂಸದ ರೇಟು, ಕೊಳವೆಬಾವಿಯ ಮೋಟರು ಎಲ್ಲ ಮಾತಾಡಿ ಮುಗಿದ ಮೇಲೆ ಲೋಟ ಕೆಳಗಿಟ್ಟರು. ನಿಮ್ಮ ಡೇರಿಗೆ ಹಾಲಿನ ವ್ಯಾನ್ ತರುವ ಕಾಂತರಾಜ್ ಎಂಬವನ ಮನೆಯವರು ನಿನ್ನನ್ನು ಮದುವೆಗೆ ಕೇಳಿದ್ದಾರೆ ಎಂದರು. "ಆಷಾಢ ಕಳೀಲಿ ಅಂತ ಅವ್ರೂ ಕಾಯ್ತಾವ್ರೆ ಅಕ್ಕಾ. ನಾವೇನೂ ಬಲವಂತ ಮಾಡಿಲ್ಲ. ಇವಳದು ಒಂದೇ ಮಾತು, ನಮ್ಮತ್ತೆ ಊಂ ಅನ್ನದೆ ನಾನೆಲ್ಲಿಗೂ ಓಗಲ್ಲ ಅಂತಾಳೆ. ಅದ್ಕೇ ಬಂದೆ." ನಾನು ಊಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಕಾಫಿ ಆರಿತು ಎಂದು ಲೋಟ ತೆಗೆದುಕೊಂಡು ಒಳಗೆ ಹೋದೆ. ಕಾಫಿಯನ್ನು ಮತ್ತೆ ಒಲೆಯ ಮೇಲಿಟ್ಟೆ. ನರೇಶ ತೀರಿಹೋಗಿ, ಬರುವ ಕಾರ್ತಿಕಕ್ಕೆ ಎರಡು ವರ್ಷ. ನನ್ನ ಮಗನ ಹೆಸರನ್ನು ನಿನ್ನ ಅಪ್ಪನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊರಗೆ ಬಂದಾಗ ಅವರು ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದರು.

ಅವರ ಮೊಪೆಡ್ ಹೊರಟಾಗ ಟಿಕೆಟ್ ಬಾಲ ಅಲ್ಲಾಡಿಸಿಕೊಂಡು ಹಿಂದೆಯೇ ಓಡಿದ. ನಿನ್ನ ಅಪ್ಪನ ಪಂಚೆಯಲ್ಲಿ ನಿಮ್ಮ ಕೊಟ್ಟಿಗೆಯ ವಾಸನೆ ಇತ್ತಲ್ಲ, ಅದಕ್ಕೇ ಇರಬೇಕು. ಅವನು ಹುಟ್ಟಿದ್ದೇ ಅಲ್ಲಿ. ನಿನಗೆ ನೆನಪಿದೆಯಾ, ನಿಮ್ಮ ಮದುವೆಯಾದ ಮೊದಲ ಆಷಾಢ. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಎಂದು ನಿನ್ನನ್ನು ತವರಿಗೆ ಕಳಿಸಿದ್ದೆ. ಬೆಂಗಳೂರಿನ ಫ್ಯಾಕ್ಟರಿಯಿಂದ ರೈಲಿನಲ್ಲಿ ವಾಪಸ್ ಬರುವ ನರೇಶ ದಿನ ಬಿಟ್ಟು ದಿನ ತಡವಾಗಿ ಬರುತ್ತಿದ್ದ. ಕೇಳಿದರೆ ರೈಲು ಲೇಟಮ್ಮಾ ಅನ್ನುತ್ತಿದ್ದ. ಅದೇ ರೈಲಿನಲ್ಲಿ ಬರುವ ಪಕ್ಕದ ಮನೆ ಇಂದ್ರಾಣಿಯ ಗಂಡ ಅಷ್ಟು ಹೊತ್ತಿಗೆ ಉಂಡು ಮಲಗಿರುತ್ತಿದ್ದ. ಬಂಗಾರಪೇಟೆಯಲ್ಲಿ ಇಳಿದು ನಿನ್ನನ್ನು ನೋಡಿ ಬರುತ್ತಾನೆಂದು ನನಗೆ ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇದ್ದೆ. ಒಂದು ದಿನ ಊಟದ ಚೀಲದಲ್ಲಿ ಕರಿಯ ಮರಿಯೊಂದನ್ನು ತಂದ. ಸ್ಟೇಷನ್ನಿನಲ್ಲಿ ಸಿಕ್ಕಿತು ಎಂದ. ಅದರ ಕೊರಳಿಗೆ ನಿನ್ನ ಜಡೆಯ ಕೆಂಪು ಟೇಪು ಕಟ್ಟಿತ್ತು. ರೈಲಿನಲ್ಲಿ ಟಿ.ಸಿ. ಬಂದು ಟಿಕೆಟ್ ಎಂದಾಗ ಆ ಮರಿ ಚೀಲದಿಂದ ತಲೆ ಹೊರಗೆ ಹಾಕಿತಂತೆ. ಅವತ್ತಿನಿಂದ ಅದೇ ಹೆಸರಾಯಿತು. ಆ ಆಷಾಢದಲ್ಲಿ ನಿನ್ನ ಬದಲಿಗೆ ಅವನು ಈ ಮನೆಯಲ್ಲಿದ್ದ.

ಮೊಪೆಡ್ಡಿನ ಹಿಂದೆ ತಿರುವಿನ ತನಕ ಓಡಿ ವಾಪಸ್ ಬರುತ್ತಾನೆ ಎಂದುಕೊಂಡೆ. ಬರಲಿಲ್ಲ. ನಿಮ್ಮ ಊರಿಗೇ ಬಂದಿದ್ದಾನೇನೋ ಎಂದು ಅವತ್ತು ಫೋನ್ ಮಾಡಿದೆ. ನೀನು ಎತ್ತಿದ ಕೂಡಲೇ ನಿನ್ನ ಉಸಿರು ನಿಂತ ಹಾಗಾಯಿತು. ನಿನ್ನ ಅಪ್ಪ ಕೇಳಿದ್ದಕ್ಕೆ ಉತ್ತರ ಹೇಳಲು ಫೋನ್ ಮಾಡಿದ್ದೇನೆ ಎಂದುಕೊಂಡೆ ನೀನು. ನಾಯಿ ಬಂದಿದೆಯಾ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಊಟ ಆಯ್ತಾ ಎಂದು ಕೇಳಿ ಇಟ್ಟುಬಿಟ್ಟೆ.

ಸೋಮವಾರದಿಂದ ಶಾಲೆ ಮುಗಿದ ಮೇಲೆ ಹುಡುಕಿದೆ. ಆ ಹೆಸರು ಇಟ್ಟವನಿಗೆ ಬುದ್ಧಿ ಇರಲಿಲ್ಲ. ಆಂಡರ್ಸನ್‌ಪೇಟೆಯ ಬಸ್ ನಿಲ್ಲುವ ಕಡೆ ನಿಂತು ಟಿಕೆಟ್, ಟಿಕೆಟ್ ಎಂದು ಕೂಗಿದರೆ ಅಲ್ಲಿ ಕೂತಿದ್ದ ಅಜ್ಜಿಯೊಬ್ಬಳು ಸೆರಗಿನ ಗಂಟು ಬಿಚ್ಚಿ ತನ್ನ ಆಧಾರ್ ಕಾರ್ಡ್ ತೆಗೆದು ತೋರಿಸಿದಳು. ನಾನು ಕಂಡಕ್ಟರ್ ಅಲ್ಲಮ್ಮಾ, ನಾಯಿ ಕರೀತಿದ್ದೀನಿ ಎಂದರೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಸ್ವಲ್ಪ ಆಚೆ ಸರಿದು ಕೂತಳು. ಮನೆಗೆ ಬಂದು ಇದನ್ನು ಹೇಳಿ ನಗಬೇಕು ಅನ್ನಿಸಿತು. ಬಾಗಿಲು ತೆಗೆದ ಮೇಲೆ ಯಾರಿಗೆ ಎಂದು ನೆನಪಾಯಿತು.

ಗುರುವಾರ ಸಂಜೆ ಜಿಟಿಜಿಟಿ ಮಳೆ. ದಿಬ್ಬದ ಬುಡದಲ್ಲಿ ಒಂದು ನಾಯಿ ಮುದುರಿಕೊಂಡು ಬಿದ್ದಿತ್ತು. ಮೈಯೆಲ್ಲ ಆ ಬೂದಿ ಬಣ್ಣದ ಹುಡಿ ಮಳೆಗೆ ಅಂಟಿ, ಸಿಮೆಂಟಿನಲ್ಲಿ ಮಾಡಿದ ನಾಯಿಯ ಹಾಗಿತ್ತು. ಎಡಗಿವಿಯ ತುದಿ ನೋಡಿದೆ, ಇಲ್ಲ. ನಮ್ಮ ಟಿಕೆಟ್‌ಗೂ ಎಡಗಿವಿಯ ತುದಿ ಇಲ್ಲವಲ್ಲ. ಅಲ್ಲೇ ಕೂತು ಅದರ ಕುತ್ತಿಗೆ ತಬ್ಬಿಕೊಂಡು ಅತ್ತುಬಿಟ್ಟೆ, ಸುಕನ್ಯಾ. ಅದೂ ಪಾಪ ಸುಮ್ಮನೆ ಅಳಿಸಿಕೊಂಡಿತು. ಎತ್ತಿಕೊಂಡು ಮನೆಗೆ ಬಂದೆ. ಮಧ್ಯಾಹ್ನ ಉಳಿದ ಅನ್ನ ಸಾಂಬಾರು ಹಾಕಿದೆ, ಹಂಡೆ ತುಂಬ ನೀರು ಕಾಯಿಸಿದೆ. ನಿನ್ನ ಅಪ್ಪ ಬಂದು ಕೇಳಿದ್ದನ್ನು ಅಷ್ಟು ದಿನ ಯಾರಿಗೂ ಹೇಳಿರಲಿಲ್ಲ. ನೀರು ಕಾಯುವ ತನಕ ಅದಕ್ಕೆ ಹೇಳಿದೆ. ಅವಳು ಹೋದರೆ ನನಗೆ ಅತ್ತೆ ಅನ್ನುವವರು ಯಾರೂ ಇರುವುದಿಲ್ಲ ಎಂದೆ. ಹೋಗಬೇಡ ಅನ್ನಲು ನನಗೆ ಮನಸ್ಸಿದೆ ಎಂದೂ ಹೇಳಿದೆ. ಅದು ತಟ್ಟೆ ನೆಕ್ಕುತ್ತಾ ಕೇಳಿಸಿಕೊಂಡಿತು. ಆಮೇಲೆ ಹಿತ್ತಿಲಲ್ಲಿ ನಿಲ್ಲಿಸಿ ನೀರು ಹುಯ್ದೆ. ಒಂದು ಚೊಂಬು, ಎರಡು ಚೊಂಬು. ಕರಿ ಬಣ್ಣ ಬರುವ ಬದಲು ಕೆಂಪಗಾಗುತ್ತಾ ಹೋಯಿತು. ಸೋಪು ಹಾಕಿ ಉಜ್ಜಿದೆ, ಇನ್ನೂ ಕೆಂಪಾಯಿತು. ಅದು ಹೆಣ್ಣು ನಾಯಿ ಬೇರೆ. ಕನ್ನಡಕ ಸೆರಗಿನಲ್ಲಿ ಒರೆಸಿ ಮತ್ತೆ ನೋಡುತ್ತಿದ್ದರೆ ಗೋಡೆಯ ಆಚೆಯಿಂದ ಇಂದ್ರಾಣಿ ತಲೆ ಎತ್ತಿದಳು. "ಏನಕ್ಕಾ, ಇದು ಟಿಕೆಟ್ ಇಲ್ದೇನೇ ಬಂದಿರೋ ಪಾರ್ಟಿ ಅಲ್ವಾ?" ಎಂದು ನಗಲು ಶುರು ಮಾಡಿದಳು. ಊರಿನಲ್ಲಿ ಮರಿ ಆಗದ ಹಾಗೆ ಆಪರೇಷನ್ ಮಾಡಿದ ಬೀದಿ ನಾಯಿಗಳಿಗೆಲ್ಲ ಗುರುತಿಗೆ ಕಿವಿಯ ತುದಿ ಕತ್ತರಿಸಿರುತ್ತಾರಂತೆ, ಅದನ್ನೂ ಅವಳೇ ಹೇಳಿದಳು. ಗುರುತು ಪರಿಚಯವಿಲ್ಲದ ನಾಯಿಯ ಹತ್ತಿರ ಮನೆಯ ವಿಷಯವನ್ನೆಲ್ಲ ಹೇಳಿಕೊಂಡಿದ್ದೆ ನಾನು.

ಶುಕ್ರವಾರ ಅದನ್ನು ದಿಬ್ಬದ ಹತ್ತಿರವೇ ಬಿಟ್ಟು ಬರೋಣವೆಂದು ಕರೆದುಕೊಂಡು ಹೋದೆ. ಅಲ್ಲಿ ಬಿಟ್ಟು, ಹಿಂದೆ ತಿರುಗಿ ನೋಡದೆ, ಅಡ್ಡದಾರಿ ಹಿಡಿದು ಬೇಗ ಬೇಗ ಬಂದೆ. ಬರುವ ಹೊತ್ತಿಗೆ ಅದು ಬಾಗಿಲ ಮುಂದೆ ಕೂತು, ಇಷ್ಟು ಹೊತ್ತು ಎಲ್ಲಿದ್ದೆ ಅನ್ನುವ ಹಾಗೆ ನೋಡುತ್ತಿತ್ತು.

ಟಿಕೆಟ್ ಸಿಕ್ಕಿದ್ದು ನಿನ್ನೆ. ಆಟೋ ಓಡಿಸುವ ಗೋಪಿ ತಂದು ಬಿಟ್ಟ. ಹಿಂದಿನ ಸೀಟಿನಲ್ಲಿ ಕಾಲು ಚಾಚಿ, ಗಾಳಿಗೆ ಮುಖ ಒಡ್ಡಿಕೊಂಡು ಸಾಹೇಬರ ಹಾಗೆ ಬಂದು ಇಳಿದ. ನಿನ್ನ ಅಪ್ಪನ ಮೊಪೆಡ್ಡಿನ ಹಿಂದೆ ಉರಿಗಾಂ ತನಕ ಓಡಿದ್ದಾನೆ, ಅಲ್ಲಿ ಬಿರಿಯಾನಿ ಹೋಟೆಲಿನ ವಾಸನೆ ಬಂದಿದೆ, ಅಲ್ಲಿಗೆ ಪ್ರಯಾಣ ಮುಗಿಯಿತು. "ವಾರದಿಂದ ಅಲ್ಲೇ ಠಿಕಾಣಿ ಕಣಮ್ಮಾ, ಮೂಳೆ ತಿಂದು ತಿಂದು ನಡೆಯೋಕೆ ಆಗ್ತಿಲ್ಲ ನನ್ಮಗನಿಗೆ," ಎಂದ ಗೋಪಿ. ನಾನು ಊಟ ಬಿಟ್ಟು ಸೊರಗಿದ್ದೆ, ಅವನು ದಪ್ಪಗಾಗಿ ಬಂದಿದ್ದ. ಬೈಯಬೇಕೆಂದು ಬಾಯಿ ತೆರೆದೆ, ಅವನು ಬಂದು ಕಾಲಿನ ಮೇಲೆ ಬಿದ್ದುಕೊಂಡ. ಒಳಗಿದ್ದ ಇನ್ನೊಂದನ್ನು ನೋಡಿದ ಮೇಲೆ ಮಾತ್ರ ಗೋಡೆ ಕಡೆ ಮುಖ ಮಾಡಿ ಕೂತವನು ಏನು ಕೊಟ್ಟರೂ ತಿರುಗಲಿಲ್ಲ. ಕೋಪ ಮಾಡಿಕೊಂಡಾಗ ನರೇಶ ಹಾಗೇ ಕೂರುತ್ತಿದ್ದ.

ಇವತ್ತು ಬೆಳಿಗ್ಗೆ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಒಳಗೆ ಏನೋ ಬಿದ್ದ ಸದ್ದಾಯಿತು. ಬಾಗಿಲ ಹಿಂದಿನ ಮೊಳೆಯಲ್ಲಿ ನರೇಶನ ಊಟದ ಚೀಲ ಇತ್ತಲ್ಲ, ಅವನು ಕೊನೆಯ ಸಲ ಜ್ವರದಲ್ಲಿ ಬಂದು ಸಿಕ್ಕಿಸಿದ್ದು. ನೀನು ಇಲ್ಲಿದ್ದಷ್ಟು ದಿನ ನೀನೂ ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ, ಗುಡಿಸುವಾಗ ಕೂಡ ಅದನ್ನು ಬಿಟ್ಟು ಗುಡಿಸುತ್ತಿದ್ದೆವು. ಆ ಕೆಂಪು ನಾಯಿ ಅದನ್ನು ಎಳೆದು ಬೀಳಿಸಿ, ಒಂದು ಹಿಡಿಕೆ ಕಿತ್ತುಹಾಕಿ, ಅದರ ಮೇಲೆ ಮಲಗಿತ್ತು. ಪೊರಕೆ ಎತ್ತಿದೆ. ಅಷ್ಟರಲ್ಲಿ ಟಿಕೆಟ್ ಗೋಡೆ ಬಿಟ್ಟು ಎದ್ದ. ಈಗ ಇದನ್ನು ಸೀಳಿಹಾಕುತ್ತಾನೆ ಎಂದುಕೊಂಡೆ. ಅವನು ಬಂದು ಚೀಲವನ್ನು ಮೂಸಿದ, ತುಂಬ ಹೊತ್ತು ಮೂಸಿದ. ಆಮೇಲೆ ಅದರ ಪಕ್ಕದಲ್ಲೇ ಜಾಗ ಮಾಡಿಕೊಂಡು, ಚೀಲದ ಮೂಲೆಗೆ ಗದ್ದ ಊರಿ, ಕಣ್ಣು ಮುಚ್ಚಿದ. ನಾನು ಪೊರಕೆ ಹಿಡಿದುಕೊಂಡೇ ನಿಂತಿದ್ದೆ. ಹಿತ್ತಿಲಲ್ಲಿ ನಲ್ಲಿ ಬಿಟ್ಟು ಬಂದಿದ್ದು ನೆನಪಾಗಿ ಪೊರಕೆ ಕೆಳಗಿಟ್ಟೆ. ಈಗ ಇದನ್ನು ಬರೆಯುವಾಗಲೂ ಅವೆರಡೂ ಹಾಗೇ ಮಲಗಿವೆ. ಹರಿದ ಹಿಡಿಕೆಯನ್ನು ಸಂಜೆ ಹೊಲಿಯುತ್ತೇನೆ.

ಇಲ್ಲಿಯ ಸುದ್ದಿ ಇಷ್ಟೇ, ಎಲ್ಲ ನಾಯಿಗಳದೇ. ನಿನ್ನ ಅಪ್ಪನಿಗೆ ನಮಸ್ಕಾರ ಹೇಳು, ಅವತ್ತು ಸರಿಯಾಗಿ ಕಾಫಿ ಕೂಡ ಕೊಡಲಿಲ್ಲ, ಬೇಜಾರು ಮಾಡಿಕೊಳ್ಳಬಾರದು ಎನ್ನು. ಅಮ್ಮನಿಗೆ ಮಂಡಿಗೆ ಹರಳೆಣ್ಣೆ ಬಿಸಿ ಮಾಡಿ ಹಚ್ಚಲು ಹೇಳು. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ತಲೆಗೆ ಎಣ್ಣೆ ಹಚ್ಚಿಕೊ. ನನ್ನ ಎರಡೂ ಕೈ ನಿನ್ನ ತಲೆಯ ಮೇಲಿವೆ ಎಂದು ತಿಳಿದುಕೊ.

ನಿನ್ನ ಅತ್ತೆ
ರಾಧಾಮಣಿ

ತಾ.ಕ.: ಇಂದ್ರಾಣಿಯ ಗಂಡ ಸಂಜೆ ರೈಲಿಗೆ ಬಂಗಾರಪೇಟೆಗೆ ಹೋಗುತ್ತಾನಂತೆ, ಕವರ್ ತೆಗೆದುಕೊಳ್ಳಲು ಬಾಗಿಲಲ್ಲಿ ನಿಂತಿದ್ದಾನೆ, ಅದಕ್ಕೆ ಅಕ್ಷರ ವಕ್ರವಾಗಿದೆ. ಊಂ. ಶ್ರಾವಣದಲ್ಲಿ ಮುಂದುವರಿಯಿರಿ ಎಂದು ನಿನ್ನ ಅಪ್ಪನಿಗೆ ಹೇಳು. ಬರುವ ವರ್ಷ ನಿನಗೆ ಮತ್ತೆ ಮೊದಲ ಆಷಾಢ, ಹೊಸ ಅತ್ತೆಯ ಮನೆ ಬಿಟ್ಟು ತವರಿಗೆ ಬರಬೇಕು. ಅರ್ಧ ತಿಂಗಳು ಅಪ್ಪನ ಮನೆಯಲ್ಲಿರು, ಉಳಿದ ಅರ್ಧ ತಿಂಗಳು ಇಲ್ಲಿಗೆ ಬಾ. ಆಗ ಈ ಹೊಸ್ತಿಲನ್ನು ನಾವಿಬ್ಬರೂ ಒಟ್ಟಿಗೆ ದಾಟಬಹುದು, ನಾನು ನಿನಗೆ ಅತ್ತೆ ಆಗಿರುವುದಿಲ್ಲ. ಕಾಂತರಾಜ್ ಕದ್ದು ನೋಡಲು ಬಂದರೆ ಬರಲಿ, ನನಗೆ ಗೊತ್ತಿಲ್ಲದ ಹಾಗೆ ಇರುತ್ತೇನೆ, ಅದು ನನಗೆ ಅಭ್ಯಾಸವಿದೆ. ನಾಯಿ ಕಂಡರೆ ಅವನಿಗೆ ಹೆದರಿಕೆಯಾ ಎಂದು ಮಾತ್ರ ಮೊದಲೇ ಕೇಳಿಡು, ಈಗ ಎರಡಿವೆ. ನಾಳೆ ಟಿಕೆಟ್‌ಗೂ ಕೆಂಪಿಗೂ ಸೂಜಿ ಹಾಕಿಸಬೇಕು, ಗೋಪಿ ಏಳು ಗಂಟೆಗೆ ಆಟೋ ತರುತ್ತೇನೆ ಎಂದಿದ್ದಾನೆ.