ಬೂದಿ ಚೀಲದ ಪೆನ್ ಡ್ರೈವ್

ಪಂಘು ದ್ವೀಪ,
ಹತ್ತನೆಯ ಚಾಂದ್ರಮಾಸದ ಹುಣ್ಣಿಮೆ

ಪೇಷಾನ್‌ಳ ಅಪ್ಪನಿಗೆ, ಯೂಹೆಯ ನಮಸ್ಕಾರ.

ಇಂದು ಹುಣ್ಣಿಮೆಯ ವ್ರತ. ಮೀನಿಲ್ಲ, ಮೊಟ್ಟೆಯಿಲ್ಲ, ಬೆಳ್ಳುಳ್ಳಿಯೂ ಇಲ್ಲ. ಬೆಳಿಗ್ಗೆ ಗೆಣಸಿನ ಗಂಜಿ ಕುಡಿದು ಕೂತಿದ್ದೇನೆ. ಎದ್ದ ಕೂಡಲೇ ಗಾಳಿ ಬಾಗಿಲಿಗೆ ತಂದು ಸುರಿದಿದ್ದ ಮರಳು ಗುಡಿಸಿದೆ, ಹಿರಿಯರ ಪೀಠದ ಮುಂದೆ ಚಹಾ ಇಟ್ಟೆ, ಆಮೇಲೆ ಗುಡಿಗೆ ಹೋಗಿ ನಮ್ಮ ಕಡಲ ದೇವತೆ ಮಾಜು ತಾಯಿಗೆ ನಿಮ್ಮ ಹೆಸರು, ನೀವಿರುವ ಆರೈಕೆ ಮನೆಯ ಬೀದಿ, ಮಹಡಿ, ಕಿಟಕಿ ಪಕ್ಕದ ಹಾಸಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಕಾವೋಶಿಯುಂಗ್ ದೊಡ್ಡ ಊರು, ತಾಯಿ ಬೇರೆ ಯಾರದೋ ಹಾಸಿಗೆಯ ಹತ್ತಿರ ಹೋಗಿ ನಿಂತರೆ ನನಗೇನು ಲಾಭ? ನಿಮ್ಮ ಬಲಗೈ ಹೇಗಿದೆ? ರಾತ್ರಿ ಕಾಲು ಸೆಳೆಯುವುದು ಕಡಿಮೆಯಾಯಿತೆ? ಅಲ್ಲಿಯ ಗಂಜಿ ಸಪ್ಪೆಯಂತೆ, ಪೇಷಾನ್ ಹೇಳಿದಳು. ಅವಳ ಕೈಯಲ್ಲಿ ಒಣಗಿಸಿದ ಮೂಲಂಗಿ ಕಳಿಸಿದ್ದೇನೆ, ದಾದಿಯರಿಗೆ ಕಾಣದಂತೆ ತಿನ್ನಿ.

ಈಗ ಇಲ್ಲಿಯ ಸುದ್ದಿ. ನಿಮ್ಮ ಅಣ್ಣ, ನಮ್ಮ ಬುನ್‌ಹೊಕ್ ಭಾವ, ನಿಮ್ಮನ್ನು ಅಲ್ಲಿಯೇ ಕಾಯಮ್ಮಾಗಿ ಇರಿಸಿ ನಿಮ್ಮ ಕಂಪ್ಯೂಟರ್ ರಿಪೇರಿ ಅಂಗಡಿ ಖಾಲಿ ಮಾಡಲು ಹೊರಟಿದ್ದಾರೆ. ನೀವೇ ಒಪ್ಪಿದ್ದೀರಂತೆ. ಫೋನಿನಲ್ಲಿ "ಅಲ್ಲೇ ಇರ್ತೀಯೇನೋ ತಮ್ಮಾ?" ಎಂದು ಕೇಳಿದರಂತೆ, ನೀವು "ಹೂಂ" ಅಂದಿರಂತೆ. "ಹೂಂ ಅಂದಾಯ್ತಲ್ಲ ಯೂಹೆ, ಇನ್ನೇನು ಬೇಕು ನಿಂಗೆ?" ಎಂದು ನನ್ನನ್ನೇ ಗದರಿಸಿದರು. ನಾನು ಸುಮ್ಮನಿರಲಿಲ್ಲ. "ಭಾವ, ಲಕ್ವ ಹೊಡೆದ ಮೇಲೆ ಅವರ ಬಾಯಲ್ಲಿ ಉಳಿದಿರೋದೇ ಅದೊಂದು ಸದ್ದು. ಚಂದ್ರಲೋಕಕ್ಕೆ ಹೋಗ್ತೀಯಾ ಅಂತ ಕೇಳಿ, ಅದಕ್ಕೂ ಹೂಂ ಅಂತಾರೆ" ಎಂದೆ. ಭಾವನಿಗೆ ಸಿಟ್ಟು ಬಂತು. ಗುಡಿಗೆ ಕರೆದೊಯ್ದು, ತಾಯಿಯನ್ನೇ ಕೇಳೋಣ ಎಂದು ಅಪ್ಪಣೆ ಕೇಳುವ ಅರ್ಧಚಂದ್ರಾಕಾರದ ಜೋಡಿ ಕಟ್ಟಿಗೆಗಳನ್ನು ನೆಲಕ್ಕೆ ಹಾಕಿದರು. ಒಂದು ಅಂಗಾತ, ಒಂದು ಬೋರಲು ಬಿದ್ದರೆ ತಾನೆ ಹೌದು; ಎರಡೂ ಅಂಗಾತ ಬಿದ್ದವು. ತಾಯಿ ನಕ್ಕಳು! ಹೌದೂ ಅಲ್ಲ, ಅಲ್ಲವೂ ಅಲ್ಲ. ಮತ್ತೆ ಹಾಕಿದರು, ಮತ್ತೆ ನಕ್ಕಳು. ನನಗೆ ಅರ್ಥವಾಯಿತು. ಗಂಡಸು ಬದುಕಿರುವಾಗ ಅವನನ್ನು ಬಿಟ್ಟು ನನ್ನನ್ನೇಕೆ ಕೇಳುತ್ತೀರಿ ಎನ್ನುತ್ತಿದ್ದಾಳೆ ತಾಯಿ.

ಮೊನ್ನೆ ಗುಜರಿ ಗಾಡಿ ಬಂತು. ಗೊತ್ತಲ್ಲ, ಮೈಕಿನಲ್ಲಿ ಕೆಟ್ಟ ಟೀವಿ, ಕೆಟ್ಟ ಫ್ರಿಜ್, ಕೆಟ್ಟ ಕಂಪ್ಯೂಟರ್ ಎಂದು ರಾಗ ಎಳೆಯುತ್ತದಲ್ಲ, ಅದೇ. ನೀವಿದ್ದಾಗ ಅದನ್ನು ಕೇಳಿದರೆ ನಗುತ್ತಿದ್ದಿರಿ. ಊರಿನವರು ಅದಕ್ಕೆ ಹಾಕಲು ಹೊರಟಿದ್ದ ಯಂತ್ರಗಳನ್ನೇ ಅಲ್ಲವೆ ನೀವು ತಂದು, ಪೆನ್ ಡ್ರೈವ್ ಸಿಕ್ಕಿಸಿ, ಅದರೊಳಗಿನ ನಿಮ್ಮ ಆ ಹಗುರ ಲಿನಕ್ಸನ್ನು ಓಡಿಸಿ ಎಬ್ಬಿಸುತ್ತಿದ್ದದ್ದು? "ಡಿಸ್ಕ್ ಸತ್ರೆ ಸಾಯ್ಲಿ ಬಿಡು, ಇಡೀ ಸಂಸಾರ ಈ ಕಡ್ಡೀಲೇ ಇದೆ" ಎಂದು ಹೆಬ್ಬೆರಳಿನಷ್ಟಿರುವ ಅದನ್ನು ಎತ್ತಿ ತೋರಿಸುತ್ತಿದ್ದಿರಿ. ಈಗ ಭಾವನೇ ಗಾಡಿ ನಿಲ್ಲಿಸಿ, "ಈ ಹೆಣಗಳನ್ನೆಲ್ಲ ಹೊರಗೆ ಹಾಕ್ರೋ" ಎಂದರು. ನಾನು ಪೊರಕೆ ಹಿಡಿದು ಬಾಗಿಲಿಗೆ ಅಡ್ಡ ನಿಂತೆ. ಒಂದನ್ನಾದರೂ ಎಬ್ಬಿಸಿ ತೋರಿಸುತ್ತೇನೆ, ಆಮೇಲೆ ಹೊರಗೆ ಹಾಕಿ ಎಂದೆ. ಗಾಡಿಯವನು ಮೈಕು ಆರಿಸಿ ನೋಡುತ್ತ ನಿಂತ. ಕೆಳಮನೆಯ ಛಿಯೂಕಿಮ್ ಅಜ್ಜಿ ಸ್ಟೂಲು ತಂದುಕೊಂಡು ಕೂತೇ ಬಿಟ್ಟಳು.

ಡಿಸ್ಕ್ ಇಲ್ಲದ ಆ ಹಳೆಯ ಕಪ್ಪು ಯಂತ್ರಕ್ಕೆ ನಿಮ್ಮ ಪೆನ್ ಡ್ರೈವ್ ಸಿಕ್ಕಿಸಿದೆ. ನೀವು ಮಾಡುತ್ತಿದ್ದಂತೆಯೇ ಸ್ವಿಚ್ ಒತ್ತಿದೊಡನೆ ಮೇಲಿನ ಸಾಲಿನ ಗುಂಡಿಯನ್ನು ಟಕಟಕ ಒತ್ತಿದೆ. ಎಲ್ಲಿಂದ ಏಳಲಿ ಎಂದು ಅದು ಕೇಳಬೇಕಿತ್ತು, ಕೇಳಲಿಲ್ಲ. ಕಪ್ಪು ಪರದೆ. ಭಾವ ನಕ್ಕರು. ಯಂತ್ರ ಹಠಮಾಡದಿರಲೆಂದು ನೀವು ಅದರ ತಲೆಯ ಮೇಲೆ ಇಡುತ್ತಿದ್ದ ಹಸಿರು ಕುರುಕಲು ಪೊಟ್ಟಣ ನೋಡಿದೆ, ಅವಧಿ ಮುಗಿದಿತ್ತು. ಅದಕ್ಕೇ ಮುನಿಸಿಕೊಂಡಿದೆ ಎಂದುಕೊಂಡೆ. ಅಜ್ಜಿ ತನ್ನ ಮನೆಯಿಂದ ಹೊಸದೊಂದು ತಂದಳು, ನೋಡಿದರೆ ಹಳದಿ! "ಹಳದಿ ಇಟ್ರೆ ಕೆಡುತ್ತಜ್ಜಿ, ಹಸಿರೇ ಆಗ್ಬೇಕು" ಎಂದು ನಾನು, "ಒಳಗಿರೋದು ಜೋಳ ತಾನೆ, ಬಣ್ಣ ನೋಡೋಕೆ ಅದಕ್ಕೇನು ಕಣ್ಣಿದ್ಯಾ?" ಎಂದು ಅವಳು. ಇಷ್ಟರಲ್ಲಿ ಭಾವ ಅವಧಿ ಮುಗಿದ ಹಸಿರು ಪೊಟ್ಟಣ ಹರಿದು ತಿನ್ನುತ್ತಿದ್ದರು. ಹೊಟ್ಟೆ ಕೆಟ್ಟಿತೆಂದು ಆಮೇಲೆ ಕೇಳಿದೆ. ನಾನೇನೂ ಪ್ರಾರ್ಥಿಸಿರಲಿಲ್ಲ.

ಕೊನೆಗೆ ಹೊಸ ಹಸಿರು ಪೊಟ್ಟಣವನ್ನೇ ಕೊಂಡು ತಂದಿಟ್ಟೆ. ಆಗಲೂ ಏಳಲಿಲ್ಲ. ಗಾಡಿಯವನು ಕೈಗವಸು ಹಾಕಿಕೊಳ್ಳತೊಡಗಿದ. ಆಗ ಹೊಳೆಯಿತು. ನಿಮ್ಮನ್ನು ಹಡಗು ಹತ್ತಿಸಿದ ದಿನ ಆ ಪೆನ್ ಡ್ರೈವನ್ನು ನಾನು ತಾಯಿಯ ಧೂಪದ ಪಾತ್ರೆಯ ಮೇಲೆ ಮೂರು ಸುತ್ತು ತಿರುಗಿಸಿ, ಒಂದು ಚಿಟಿಕೆ ಬೂದಿಯ ಜೊತೆ ಕೆಂಪು ಚೀಲದಲ್ಲಿ ಹೊಲಿದು ಕೊರಳಿಗೆ ಕಟ್ಟಿಕೊಂಡಿದ್ದೆ. ಕಾಯಲಿ ಎಂದು ಹಾಕಿದ ಬೂದಿ ಹೋಗಿ ಅದರ ಬಾಯಿಗೇ ತುಂಬಿತ್ತು! ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಕೆರೆದು, ಊದಿ, ಮತ್ತೆ ಸಿಕ್ಕಿಸಿದೆ. ಎದ್ದಿತು ರೀ! ನೀವು ಇಟ್ಟಿದ್ದ ನೀಲಿ ಸಮುದ್ರದ ಚಿತ್ರ, ಮೂಲೆಯಲ್ಲಿ ಗಡಿಯಾರ, ಎಲ್ಲ ನೀವು ಬಿಟ್ಟುಹೋದಂತೆಯೇ. ಅಜ್ಜಿ ಚಪ್ಪಾಳೆ ತಟ್ಟಿದಳು. ಭಾವ ಮಾತ್ರ ಕೈ ಒರೆಸಿಕೊಂಡು, "ಪೆಟ್ಟಿಗೆ ಬೇರೆ, ಮನುಷ್ಯ ಬೇರೆ, ಯೂಹೆ" ಎಂದರು. "ಬೇರೇನೇ ಭಾವ. ಪೆಟ್ಟಿಗೆಗೆ ನಿನ್ನ ಇಷ್ಟ ಏನು ಅಂತ ಕೇಳೋಕಾಗಲ್ಲ. ಇವರಿಗೆ ಕೇಳ್ಬಹುದು, ಕೇಳಿಲ್ಲ ಅಷ್ಟೆ" ಎಂದೆ. ಗಾಡಿ ಖಾಲಿಯಾಗಿ ಹೋಯಿತು. ತಮ್ಮನ ಬಾಯಿಂದಲೋ ಕೈಯಿಂದಲೋ ಬೇರೆ ಮಾತು ಬಂದರೆ ಸುಮ್ಮನಾಗುತ್ತೇನೆ, ಇಲ್ಲದಿದ್ದರೆ ತಿಂಗಳ ಕೊನೆಗೆ ಆರೈಕೆ ಮನೆಯ ಪತ್ರಕ್ಕೆ ಸಹಿ ಹಾಕುತ್ತೇನೆ ಎಂದು ಹೇಳಿ ಭಾವನೂ ಹೋದರು.

ಅದಕ್ಕೇ ಈ ಕಾಗದದ ಜೊತೆ ಪೆನ್ ಡ್ರೈವ್ ಕಳಿಸುತ್ತಿದ್ದೇನೆ. ಅದೇ ಕೆಂಪು ಚೀಲ. ಈ ಸಲ ಬೂದಿಯನ್ನು ಬೇರೆ ಕಾಗದದಲ್ಲಿ ಮಡಿಸಿಟ್ಟಿದ್ದೇನೆ, ಹೆದರಬೇಡಿ. ಪೆನ್ನು ಹಿಡಿಯಲು ನಿಮಗಾಗುವುದಿಲ್ಲ. ಪೇಷಾನ್ ತನ್ನ ಫೋನ್ ಕೊಟ್ಟಾಗ ಬೆರಳು ಎಲ್ಲೆಲ್ಲೋ ಜಾರಿ ಅದನ್ನು ಎಸೆದಿರಂತೆ. ಆದರೆ ಕೀಬೋರ್ಡ್ ಹಾಗಲ್ಲ, ಕತ್ತಲಲ್ಲೂ ನಿಮ್ಮ ಕೈಗೆ ಅದರ ಅಕ್ಷರ ಗೊತ್ತು; ಎಡಗೈಯ ಒಂದೇ ಬೆರಳು ಸಾಕು. ಅಲ್ಲಿಯ ಊಟದ ಕೋಣೆಯಲ್ಲಿ ಹೂಕುಂಡ ಹೊತ್ತು ನಿಂತ ಕೆಟ್ಟ ಕಂಪ್ಯೂಟರ್ ಒಂದಿದೆಯಂತೆ. ಅದನ್ನು ಏನು ಬೇಕಾದರೂ ಮಾಡಿಕೊಳ್ಳಿ ಎಂದು ದೊಡ್ಡ ದಾದಿ ಪೇಷಾನ್‌ಗೆ ಹೇಳಿದ್ದಾರೆ. ದಾದಿಯರ ಕೈಲಿ ಕುಂಡ ಇಳಿಸಿ ಅದನ್ನು ಎಬ್ಬಿಸಿ. ಒಂದು ಮಾತು ನೆನಪಿರಲಿ: ಆರಿಸುವಾಗ ಉಳಿಸಿಕೊಳ್ಳಲೇ ಎಂದು ಅದು ಕೇಳುತ್ತದೆ, ಹೌದು ಎಂದು ಒತ್ತಿದ ಮೇಲೆಯೇ ಪೆನ್ ಡ್ರೈವ್ ಕೀಳಿ. ಈ ಕಾಗದವನ್ನು ನಾನು ಮೊದಲು ಅದರಲ್ಲೇ ಬರೆದಿದ್ದೆ. ಗುಡಿಯ ಗಂಟೆ ಕೇಳಿ ಅವಸರದಲ್ಲಿ ಕಿತ್ತುಬಿಟ್ಟೆ, ಒಂದಕ್ಷರ ಉಳಿಯಲಿಲ್ಲ. ಹೇಳದಿದ್ದರೆ ಏನನ್ನೂ ನೆನಪಿಟ್ಟುಕೊಳ್ಳದು, ಥೇಟು ನಿಮ್ಮ ಅಣ್ಣ.

ಮಾಜು ತಾಯಿ ನಿಮ್ಮ ತಲೆದಿಂಬಿನ ಹತ್ತಿರವೇ ಇರಲಿ. ಗಾಳಿಗೆ ಕಿಟಕಿ ತೆರೆಯಬೇಡಿ.

ನಿಮ್ಮ
ಯೂಹೆ

ಮರೆತಿದ್ದೆ: ನನ್ನ ಕಷ್ಟ ನೆನೆದು ಆರೈಕೆ ಮನೆಯಲ್ಲೇ ಇರುತ್ತೇನೆ ಎಂದು ಸುಳ್ಳು ಬರೆಯಬೇಡಿ. ಗಾಲಿಕುರ್ಚಿಗೆಂದು ಅಂಗಡಿಯ ಹೊಸ್ತಿಲನ್ನು ಆಗಲೇ ಒಡೆಸಿದ್ದೇನೆ, ಮರಳು ಈಗ ಒಳಗೇ ನುಗ್ಗುತ್ತಿದೆ, ದಿನಕ್ಕೆರಡು ಸಲ ಗುಡಿಸುತ್ತೇನೆ. ನಿಮ್ಮ ಮಂಚ ಯಂತ್ರಗಳ ನಡುವೆಯೇ ಹಾಕಿದೆ. ನಿಜವಾಗಿ ಅಲ್ಲಿಯೇ ಇರಬೇಕೆನಿಸಿದರೆ ಅದನ್ನೂ ಬರೆಯಿರಿ, ಅತ್ತರೂ ಒಪ್ಪುತ್ತೇನೆ. ಆದರೆ ನಿಮ್ಮ ಬೆರಳು ಒತ್ತಿದ ಮಾತನ್ನಷ್ಟೇ ಒಪ್ಪುತ್ತೇನೆ. ಭಾನುವಾರ ಪೇಷಾನ್ ಬಂದು ಚೀಲ ತೆಗೆದುಕೊಂಡು ಸಂಜೆಯ ಹಡಗಿನಲ್ಲಿ ಇಲ್ಲಿಗೆ ತರಲಿ, ಅವಳ ಕೈಗೇ ಕೊಡಿ. ಅದಕ್ಕೂ ಮೊದಲು ಭಾವ ಬಂದು ಚೀಲ ಕೊಡು ಎಂದರೆ, "ಹೂಂ" ಅನ್ನಿ. ಕೊಡಬೇಡಿ.